ನಿಂತಾಗ ಏರುವ ಬಿಸಿ, ಓಡಿದಾಗ ಇಳಿಯುವ ಬಿಸಿ

ಪ್ರಶ್ನೆ: ನನ್ನದು ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಕಾರು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹತ್ತು ನಿಮಿಷ ನಿಂತರೆ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರಕ್ಕೆ ಹೋಗುತ್ತದೆ. ತುಮಕೂರು ರಸ್ತೆಯಲ್ಲಿ ಓಡಿಸುವಾಗ ನಡುವಿನಲ್ಲೇ ಇರುತ್ತದೆ. ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಕಡಿಮೆಯಾದಾಗಲೆಲ್ಲ ಮನೆಯ ಬೋರ್‌ವೆಲ್ ನೀರು ತುಂಬಿಸುತ್ತಿದ್ದೇನೆ. ಗ್ಯಾರೇಜಿನವರು ರೇಡಿಯೇಟರನ್ನೇ ಬದಲಿಸಬೇಕು ಎನ್ನುತ್ತಾರೆ. ಒಪ್ಪಿಕೊಳ್ಳಲೇ?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಈಗಲೇ ಒಪ್ಪಿಕೊಳ್ಳಬೇಡಿ, ಮೊದಲು ಫ್ಯಾನನ್ನು ಪರೀಕ್ಷಿಸಿ. ಕಾರು ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ನಿಂತಾಗ ಆ ಕೆಲಸವೆಲ್ಲ ಫ್ಯಾನಿನದು. ರೇಡಿಯೇಟರಿನ ಒಳಗೇ ಕಟ್ಟಿಕೊಂಡಿದ್ದರೆ ಹೆದ್ದಾರಿಯ ವೇಗದಲ್ಲಿ, ಘಟ್ಟದ ಏರಿನಲ್ಲಿ ಮುಳ್ಳು ಹೆಚ್ಚಾಗಿ ಏರಬೇಕಿತ್ತು.

ಎಂಜಿನ್ ಸ್ಟಾರ್ಟ್ ಮಾಡಿ, ಎಸಿ ಹಾಕಿ, ಬಾನೆಟ್ ಎತ್ತಿ ನೋಡಿ. ಬಹುತೇಕ ಕಾರುಗಳಲ್ಲಿ ಸ್ವಲ್ಪ ಹೊತ್ತಿಗೇ ಫ್ಯಾನ್ ತಿರುಗಬೇಕು; ಅದು ಯಾವ ಕ್ಷಣದಲ್ಲಾದರೂ ತಿರುಗಬಹುದಾದ್ದರಿಂದ ಕೈ ದೂರವಿರಲಿ. ತಿರುಗದಿದ್ದರೆ ಫ್ಯೂಸ್ ನೋಡಿಸಿ, ಫ್ಯಾನಿಗೆ ಕರೆಂಟ್ ಹರಿಸುವ ಸ್ವಿಚ್ಚಾದ ರಿಲೇ ಬದಲಿಸಿ ನೋಡಿಸಿ. ಬ್ಯಾಟರಿಯಿಂದ ನೇರವಾಗಿ ಕರೆಂಟ್ ಕೊಟ್ಟರೂ ಅಲುಗದಿದ್ದರೆ ಮೋಟಾರ್ ಹೋಗಿದೆ ಎಂದರ್ಥ. ಎಸಿ ಹಾಕಿದಾಗ ತಿರುಗಿ, ಎಸಿಯಿಲ್ಲದೆ ಎಂಜಿನ್ ಕಾದಾಗ ಮಾತ್ರ ತಿರುಗದಿದ್ದರೆ ಕೂಲೆಂಟ್ ಟೆಂಪರೇಚರ್ ಸೆನ್ಸರನ್ನು ಅನುಮಾನಿಸಬೇಕು. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವೆ ಎಲೆ, ಧೂಳು ತುಂಬಿದ್ದರೆ ಅದನ್ನೂ ತೊಳೆಸಿ.

ನನಗೆ ನಿಜವಾಗಿ ಕಳವಳ ತಂದದ್ದು ಬೋರ್‌ವೆಲ್ ನೀರು. ಗೀಸರಿನ ಕಾಯಿಲ್ ಮೇಲೆ ಬಿಳಿ ಗಾರೆಯಂತೆ ಕಟ್ಟುವ ಸುಣ್ಣವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ, ಜೊತೆಗೆ ತುಕ್ಕು ತಡೆಯುವ ಕೂಲೆಂಟಿನ ಶಕ್ತಿಯೂ ಕುಂದುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಊರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಎಂಜಿನ್ನಿನೊಳಗೆ ಅದು ಕುದಿಯದಂತೆ ತಡೆಯುವುದು ಕೂಲೆಂಟಿನಲ್ಲಿರುವ ಗ್ಲೈಕಾಲ್ ಮತ್ತು ಕೂಲೆಂಟ್ ತುಂಬಿಸುವ ಬಾಯಿಗೆ ಹಾಕುವ, ಒತ್ತಡ ಹಿಡಿದಿಡುವ ಕ್ಯಾಪ್. ಕ್ಯಾಪಿನ ಒಳಗಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ತಡಮಾಡದೆ ಬದಲಿಸಿ. ಆದರೆ ಎಂಜಿನ್ ಬಿಸಿಯಿದ್ದಾಗ ಕ್ಯಾಪ್ ತೆರೆಯಲೇಬೇಡಿ, ಚಿಮ್ಮುವ ಕುದಿನೀರು ಮುಖವನ್ನೇ ಸುಡುತ್ತದೆ.

ಕೂಲೆಂಟ್ ಮತ್ತೆ ಮತ್ತೆ ಇಳಿಯುತ್ತಿದೆ ಎಂದರೆ ಎಲ್ಲೋ ಸೋರಿಕೆಯಿದೆ. ಹೋಸ್‌ಗಳ ಕ್ಲಿಪ್ ಬಳಿ, ವಾಟರ್ ಪಂಪಿನ ಕೆಳಗೆ ಒಣಗಿದ ಬಣ್ಣದ ಕಲೆ ಹುಡುಕಿಸಿ. ಹೊರಗೆಲ್ಲೂ ಕಲೆ ಕಾಣದೆ, ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿಯಂತಾಗಿದ್ದರೆ ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿರುವ ಸಾಧ್ಯತೆ ಹೆಚ್ಚು. ಆಗ ಕಾರನ್ನು ಓಡಿಸದೆ ಟೋ ಮಾಡಿಸಿ. ಸೋರಿಕೆ ಸರಿಯಾದ ಮೇಲೆ ಹಳೆಯ ನೀರನ್ನೆಲ್ಲ ಹೊರಹಾಕಿಸಿ, ಕಂಪನಿ ಹೇಳಿದ ಕೂಲೆಂಟನ್ನು ಡಿಸ್ಟಿಲ್ಡ್ ನೀರಿನೊಂದಿಗೆ ಹೇಳಿದ ಪ್ರಮಾಣದಲ್ಲೇ ತುಂಬಿಸಿ, ಒಳಗಿನ ಗಾಳಿಯನ್ನು ಪೂರ್ತಿ ತೆಗೆಸಿ. ಇಷ್ಟಾದ ಮೇಲೂ ಮುಳ್ಳು ಏರಿದರೆ ರೇಡಿಯೇಟರ್ ಬದಲಿಸುವ ಮಾತು ಬರಲಿ.