ತಿಂಗಳ ಸಂಬಳ, ವರ್ಷದ ಖರ್ಚು: ಓದುಗರ ಹಣಕಾಸಿನ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಯಜಮಾನರ ಸಂಬಳ 34,000 ರೂಪಾಯಿ, ನನ್ನ ಹೊಲಿಗೆಯಿಂದ 6,000 ರೂಪಾಯಿ ಬರುತ್ತದೆ. ಬಾಡಿಗೆ 9,000, ದಿನಸಿ, ಹಾಲು, ತರಕಾರಿಗೆ 11,000, ಬೈಕಿನ ಕಂತು 3,200, ಗ್ಯಾಸ್, ಕರೆಂಟು, ಮೊಬೈಲಿಗೆ 2,300, ಪೆಟ್ರೋಲಿಗೆ 2,000, ಅತ್ತೆಯವರ ಔಷಧಿಗೆ 1,500. ಲೆಕ್ಕದಲ್ಲಿ 11,000 ಉಳಿಯಬೇಕು, ಆದರೆ ಉಳಿಯುವುದಿಲ್ಲ. ಪ್ರತಿ ಜೂನ್‌ನಲ್ಲಿ ನನ್ನ ಸರವನ್ನು 45,000ಕ್ಕೆ ಅಡವಿಟ್ಟು ಡಿಸೆಂಬರ್ ಕೊನೆಗೆ ಬಿಡಿಸಿಕೊಳ್ಳುತ್ತೇವೆ. ನಾವು ದುಂದು ಮಾಡುವವರಲ್ಲ. ತಪ್ಪು ಎಲ್ಲಿದೆ?
– ಗೃಹಿಣಿ, ದಾವಣಗೆರೆ

ಉತ್ತರ: ನೀವು ದುಂದು ಮಾಡುವವರಲ್ಲ ಎಂಬುದು ನಿಮ್ಮ ಲೆಕ್ಕವನ್ನು ನೋಡಿದ ಯಾರಿಗಾದರೂ ತಿಳಿಯುತ್ತದೆ. ತಪ್ಪಿರುವುದು ಪತ್ರದ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ ಬರೆದು "ಇವೆಲ್ಲ ಯಾವಾಗಲೋ ಒಮ್ಮೆ ಬರುವಂಥವು" ಎಂದು ಬದಿಗಿಟ್ಟ ಪಟ್ಟಿಯಲ್ಲಿ. ಇಬ್ಬರು ಮಕ್ಕಳ ಶಾಲಾ ಶುಲ್ಕ, ಪುಸ್ತಕ, ಸಮವಸ್ತ್ರಕ್ಕೆ 52,000, ಹಬ್ಬಗಳಿಗೆ 18,000, ಜೀವವಿಮೆಯ ಕಂತಿಗೆ 14,000, ಮದುವೆ ಮುಯ್ಯಿಗೆ 8,000, ಮಕ್ಕಳ ಜ್ವರ, ಹಲ್ಲುನೋವಿಗೆ 6,000, ಬೈಕಿನ ವಿಮೆ ಮತ್ತು ಸರ್ವೀಸಿಗೆ 5,000, ಊರಿನ ಜಾತ್ರೆಗೆ ಹೋಗಿಬರಲು 5,000. ಕೂಡಿ ನೋಡಿದೆ, 1,08,000 ರೂಪಾಯಿ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸರಿಯಾಗಿ 9,000. ಜೂನ್‌ನಲ್ಲಿ ಶಾಲೆ ತೆರೆಯುವುದು, ಭಾದ್ರಪದದಲ್ಲಿ ಗೌರಿ ಬರುವುದು ಅನಿರೀಕ್ಷಿತವಲ್ಲ. ಹೀಗಾಗಿ ನಿಮ್ಮ ನಿಜವಾದ ತಿಂಗಳ ಖರ್ಚು 29,000 ಅಲ್ಲ, 38,000. ಉಳಿಕೆ ಎಂದು ನೀವು ನಂಬಿರುವ 11,000ದಲ್ಲಿ ನಿಮ್ಮದು ಎನ್ನಬಹುದಾದದ್ದು 2,000 ಮಾತ್ರ.

ಜನವರಿಯಿಂದ ಮೇ ತಿಂಗಳವರೆಗೆ, ಅಂದರೆ ಸರ ನಿಮ್ಮ ಕೊರಳಲ್ಲಿರುವ ಆ ಐದು ತಿಂಗಳು, ಖಾತೆಯಲ್ಲಿ ಹಣ ಕಾಣುತ್ತದೆ, ಕಂಡ ಹಣಕ್ಕೆ ಒಂದಲ್ಲ ಒಂದು ದಾರಿ ಹುಟ್ಟಿಕೊಳ್ಳುತ್ತದೆ. ಆದ್ದರಿಂದ ಸರ ಬಿಡಿಸಿಕೊಂಡ ಮರುತಿಂಗಳಿನಿಂದಲೇ, ಯುಪಿಐ ಜೋಡಿಸದ ಮತ್ತೊಂದು ಉಳಿತಾಯ ಖಾತೆಗೆ ಸಂಬಳದ ದಿನವೇ 11,000 ರೂಪಾಯಿಯನ್ನೂ ವರ್ಗಾಯಿಸಿ, ಪೆನ್ಸಿಲ್ ಪಟ್ಟಿಯ ಖರ್ಚುಗಳನ್ನೆಲ್ಲ ಆ ಖಾತೆಯಿಂದಲೇ ಮಾಡಿ. ಮೇ ಕೊನೆಗೆ 55,000 ಸೇರುತ್ತದೆ. ಅದರಲ್ಲಿ ಯುಗಾದಿ, ಜಾತ್ರೆ, ಬೇಸಿಗೆಯ ಮದುವೆಗಳಿಗೆ 20,000 ಹೋದರೂ 35,000 ಉಳಿಯುತ್ತದೆ. ಮೊದಲ ವರ್ಷ ಸರವನ್ನು ಅಡವಿಡುವುದು ಪೂರ್ತಿ ತಪ್ಪುವುದಿಲ್ಲ, ಆದರೆ ಶಾಲೆಯ 52,000ಕ್ಕೆ 45,000ದ ಬದಲು 17,000 ಸಾಲ ಸಾಕಾಗುತ್ತದೆ. ಇದೇ ಕ್ರಮ ನಡೆದರೆ ಎರಡನೆಯ ಜೂನ್‌ನಲ್ಲಿ ಶುಲ್ಕ ಕಟ್ಟಿದ ಮೇಲೂ ಕೆಲವು ಸಾವಿರ ಉಳಿದಿರುತ್ತದೆ. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಎಂದಿಟ್ಟುಕೊಂಡರೂ 45,000ಕ್ಕೆ ಏಳು ತಿಂಗಳಲ್ಲಿ ನೀವು ಈಗ 3,150 ರೂಪಾಯಿ ಕಟ್ಟುತ್ತಿದ್ದೀರಿ. ಆ ಹಣ ಇನ್ನು ಮನೆಯಲ್ಲೇ ಉಳಿಯಲಿ.

ಪ್ರಶ್ನೆ: ಅಡಿಕೆ ತೋಟವೇ ನಮಗೆ ಆಧಾರ. ಹಣ ಬರುವುದು ವರ್ಷಕ್ಕೊಮ್ಮೆ, ಅದೂ ದರ ಮತ್ತು ಕೊಳೆರೋಗವನ್ನು ಅವಲಂಬಿಸಿ. ಕಳೆದ ಐದು ವರ್ಷ ಖರ್ಚು ಕಳೆದು ಉಳಿದದ್ದು ಕ್ರಮವಾಗಿ 6.2, 4.1, 3.6, 5.5 ಮತ್ತು 4.8 ಲಕ್ಷ ರೂಪಾಯಿ. ನಮ್ಮಂಥವರು ತಿಂಗಳ ಬಜೆಟ್ ಮಾಡುವುದು ಹೇಗೆ?
– ಕೃಷಿಕ, ಶಿರಸಿ ತಾಲ್ಲೂಕು

ಉತ್ತರ: ಮೇಲಿನ ಪತ್ರದವರಿಗೆ ಸಂಬಳ ತಿಂಗಳಿನದು, ಖರ್ಚು ವರ್ಷದ್ದು. ನಿಮ್ಮದು ಅದರ ತಿರುವುಮುರುವು. ನಿಮಗೆ ನೀವೇ ಸಂಬಳ ಕೊಟ್ಟುಕೊಳ್ಳಬೇಕು, ಆ ಸಂಬಳ ಐದು ವರ್ಷದ ಸರಾಸರಿಯ ಮೇಲಲ್ಲ, ಅತಿ ಕಡಿಮೆ ಬಂದ ವರ್ಷದ ಮೇಲೆ ನಿಂತಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸರಾಸರಿ ಹಿಡಿದರೆ ಕೆಟ್ಟ ವರ್ಷದಲ್ಲಿ ಸಾಲ ಅನಿವಾರ್ಯವಾಗುತ್ತದೆ. 3.6 ಲಕ್ಷವೆಂದರೆ ತಿಂಗಳಿಗೆ 30,000, ಮನೆ ಅಷ್ಟರಲ್ಲೇ ನಡೆಯಲಿ. ಒಳ್ಳೆಯ ವರ್ಷದ ಹೆಚ್ಚುವರಿ ಹಣದಲ್ಲಿ ಮೊದಲು ಒಂದು ವರ್ಷದ ಸಂಬಳದಷ್ಟನ್ನು ಕೂಡಿಹಾಕಿ, ಹೊಸ ವಾಹನ, ಮನೆಯ ರಿಪೇರಿ ಎಲ್ಲ ಅದಾದ ಮೇಲೆ.

ಅಡಿಕೆ ಮಾರಿದ ಹಣವನ್ನು ಮನೆಯ ಹಣವೆಂದು ಎಣಿಸುವ ಮೊದಲು ತೋಟದ ಪಾಲನ್ನು ತೆಗೆದಿಡಿ. ಮಳೆಗಾಲದ ಹೊಸ್ತಿಲಲ್ಲಿ ಕೊಳೆ ಔಷಧಿ ಹೊಡೆಸಲು ಮೈಲುತುತ್ತ, ಸುಣ್ಣ ಬೇಕು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರ ಕೂಲಿ ಬೇಕು, ಆರೇಳು ವಾರ ಕಳೆದರೆ ಎರಡನೆಯ ಸುತ್ತು ಕಾದಿರುತ್ತದೆ. ಆ ಹೊತ್ತಿಗೆ ಕೈ ಬರಿದಾಗಿ ಸಿಂಪಡಣೆ ಎರಡು ವಾರ ತಡವಾದರೆ ಮುಂದಿನ ವರ್ಷದ ಸಂಬಳವೇ ನೆಲಕ್ಕೆ ಉದುರುತ್ತದೆ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ ನೆಂಟರಿಷ್ಟರ ಆ ಖರ್ಚನ್ನು 24 ತಿಂಗಳಿಗೆ ಹಂಚಿಕೊಳ್ಳಿ. ಸಹಕಾರ ಸಂಘದ ಶೂನ್ಯ ಬಡ್ಡಿಯ ಬೆಳೆಸಾಲವನ್ನು ಮನೆಖರ್ಚಿಗೆ ತಿರುಗಿಸಬೇಡಿ, ಅವಧಿಯೊಳಗೆ ತೀರಿಸಿದರೆ ಮಾತ್ರ ಅದು ಶೂನ್ಯ ಬಡ್ಡಿಯ ಸಾಲ.

ಹಣವನ್ನೆಲ್ಲ ಸೊಸೈಟಿಯಲ್ಲೇ ಇಟ್ಟಿರುವುದಾಗಿ ಬರೆದಿದ್ದೀರಿ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲಿಯೂ, ಒಬ್ಬ ಠೇವಣಿದಾರನ ಅಸಲು ಮತ್ತು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಅನ್ವಯಿಸುವುದಿಲ್ಲ. ನಿಮ್ಮ ಸಂಘ ಚೆನ್ನಾಗಿಯೇ ನಡೆಯುತ್ತಿರಬಹುದು. ಆದರೂ ಒಂದು ವರ್ಷದ ಅನ್ನದ ಹಣವನ್ನು ವಿಮೆಯಿರುವ ಬ್ಯಾಂಕಿನಲ್ಲಿ, ಮೂರು ತಿಂಗಳಿಗೊಂದರಂತೆ ಅವಧಿ ಮುಗಿಯುವ ಸಣ್ಣ ಠೇವಣಿಗಳಾಗಿ ಇಡುವುದು ಮೇಲು.

ಪ್ರಶ್ನೆ: ಕ್ರೆಡಿಟ್ ಕಾರ್ಡಿನಲ್ಲಿ 60,000 ರೂಪಾಯಿ ಬಾಕಿಯಿದೆ, ಬಡ್ಡಿ ತಿಂಗಳಿಗೆ ಶೇ 3.5. ಪ್ರತಿ ತಿಂಗಳೂ ಕನಿಷ್ಠ ಮೊತ್ತವಾಗಿ 3,000 ಕಟ್ಟುತ್ತಿದ್ದೇನೆ. 75,000ದ ನಿಶ್ಚಿತ ಠೇವಣಿಯನ್ನು ಆಪತ್ಕಾಲಕ್ಕೆಂದು ಇಟ್ಟಿದ್ದೇನೆ. ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಆರಂಭಿಸಲು ಅಪ್ಪ ಹೇಳುತ್ತಿದ್ದಾರೆ. ಆರಂಭಿಸಲೇ?
– ಉದ್ಯೋಗಿ, ಬೆಂಗಳೂರು

ಉತ್ತರ: ತಂದೆಯವರ ಮಾತು ಸರಿ, ಆದರೆ ಅದಕ್ಕಿನ್ನೂ ಕಾಲ ಬಂದಿಲ್ಲ. 60,000ಕ್ಕೆ ತಿಂಗಳ ಬಡ್ಡಿ 2,100, ಅದರ ಮೇಲೆ ಶೇ 18ರ ಜಿಎಸ್‌ಟಿ 378. ನೀವು ಕಟ್ಟುವ 3,000ದಲ್ಲಿ ಅಸಲಿಗೆ ಸೇರುವುದು 522 ರೂಪಾಯಿ. ಸಾಲದ ಬಡ್ಡಿ ವರ್ಷಕ್ಕೆ ಶೇ 42 ಇರುವಾಗ ಠೇವಣಿಯ ಬಡ್ಡಿಯಾಗಲಿ ಪಿಪಿಎಫ್‌ನ ಬಡ್ಡಿಯಾಗಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆಪತ್ತು ಮುಂದೆಂದೋ ಬರುವಂಥದ್ದಲ್ಲ, ಆಗಲೇ ಬಂದು ಕೂತಿದೆ. ಈ ವಾರವೇ ಠೇವಣಿಯನ್ನು ಮುರಿಸಿ ಬಾಕಿಯನ್ನು ಪೂರ್ತಿ ತೀರಿಸಿ. ಬಾಕಿ ಉಳಿದಿರುವಾಗ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುವುದರಿಂದ, ತೀರುವತನಕ ಕಾರ್ಡನ್ನು ಬಳಸಬೇಡಿ. ಆಮೇಲೆ ಅದೇ 3,000ವನ್ನು ತಿಂಗಳು ತಿಂಗಳು ಕಟ್ಟುತ್ತ ಆಪತ್ತಿನ ಹಣವನ್ನು ಮತ್ತೆ ಕೂಡಿಸಿ. ಪಿಪಿಎಫ್ ಖಾತೆಯನ್ನು ವರ್ಷಕ್ಕೆ 500 ರೂಪಾಯಿ ಕಟ್ಟಿಯೂ ಚಾಲ್ತಿಯಲ್ಲಿ ಇಡಬಹುದು. 15 ವರ್ಷದ ಅವಧಿ ಬೇಗ ಶುರುವಾಗಲಿ ಎಂದಿದ್ದರೆ ಸದ್ಯಕ್ಕೆ ಅಷ್ಟನ್ನೇ ಕಟ್ಟಿ ಖಾತೆ ತೆರೆಯಿರಿ.