ಗಿರಣಿಯ ಹೆಂಗಸರು ಬರಿಗಾಲಲ್ಲಿ ಏಕೆ?

ಪತ್ರ: ಕಳೆದ ಸಂಚಿಕೆಯಲ್ಲಿ ಅಚ್ಚಾದ ಸೋವಿಯತ್ ಚಿತ್ರಕಾರ ಅಲೆಕ್ಸಾಂದರ್ ದೇಯ್ನೆಕಾ ಅವರ ‘ಜವಳಿ ಗಿರಣಿಯ ಹೆಂಗಸರು’ ನೋಡಿದೆ. ನಾನು ಬೆಳೆದದ್ದು ಇಲ್ಲಿನ ಹತ್ತಿ ಗಿರಣಿಗಳ ಮಗ್ಗುಲಲ್ಲೇ. ಗಿರಣಿ ಅಂದರೆ ಧೂಳು, ಸೆಕೆ, ಗದ್ದಲ. ಇವರ ಗಿರಣಿ ಆಸ್ಪತ್ರೆಯ ಹಾಗೆ ಬೆಳ್ಳಗಿದೆ, ಹೆಂಗಸರು ಬರಿಗಾಲಲ್ಲಿದ್ದಾರೆ. ಸೋವಿಯತ್ ಚಿತ್ರಗಳೆಲ್ಲ ಇಂಥದೇ ಪ್ರಚಾರವಲ್ಲವೇ?
– ಓದುಗರು, ದಾವಣಗೆರೆ

ಉತ್ತರ: ಮಾನ್ಯರೇ, ಬರಿಗಾಲಂತೂ ಸುಳ್ಳಲ್ಲ. ಗಾಳಿಯಲ್ಲಿ ತೇವ ಕಡಿಮೆಯಾದರೆ ನೂಲಿನ ಎಳೆ ಕಡಿಯುತ್ತದೆ. ಅದಕ್ಕೇ ನೂಲುವ ಖಾತೆಯಲ್ಲಿ ಸೆಕೆಯನ್ನೂ ತೇವವನ್ನೂ ಬೇಕೆಂದೇ ಉಳಿಸಿಕೊಳ್ಳುತ್ತಾರೆ. ಅಲ್ಲಿ ತೆಳು ಉಡುಪು, ಬರಿಗಾಲು ಸಹಜ. ಅನುಮಾನ ಪಡಬೇಕಾದ್ದು ಚಿತ್ರದ ಗಾಳಿಯನ್ನು ಕಂಡು: ಹತ್ತಿಯ ಒಂದು ನಾರೂ ಅಲ್ಲಿ ತೇಲುತ್ತಿಲ್ಲ. ಬಿಳಿ, ಬೂದು, ತೆಳುನೀಲಿಯಲ್ಲೇ ಬಹುಪಾಲು ಮುಗಿಸಿ, ಬಣ್ಣದ ಮೈಯನ್ನು ನುಣುಪಾಗಿಸಿದ್ದಾರೆ ದೇಯ್ನೆಕಾ. ಮೂಲೆಯಲ್ಲಿ ದನ ಹೊಡೆಯುವ ಹುಡುಗನನ್ನೂ ತಂದಿದ್ದಾರೆ. ಗಿರಣಿ ಹೇಗಿತ್ತು ಎನ್ನುವುದಕ್ಕಿಂತ ಯಂತ್ರದ ಲಯ ಹೇಗಿರುತ್ತದೆ ಎನ್ನುವುದು ಅವರಿಗೆ ಮುಖ್ಯವಾಗಿತ್ತು.

ಆದರೆ ಇದು 1927ರ ಚಿತ್ರ. ಬದುಕನ್ನು ಸಮಾಜವಾದದ ಆದರ್ಶಕ್ಕೆ ತಕ್ಕಂತೆ ತೋರಿಸಬೇಕೆನ್ನುವ ‘ಸಮಾಜವಾದಿ ವಾಸ್ತವವಾದ’ ಅಧಿಕೃತ ನೀತಿಯಾಗುವುದಕ್ಕೆ ಇನ್ನೂ ಕಾಲವಿತ್ತು. ಕಲಾವಿದರ ಸ್ವತಂತ್ರ ಗುಂಪುಗಳನ್ನೆಲ್ಲ ಕಮ್ಯುನಿಸ್ಟ್ ಪಕ್ಷ ವಿಸರ್ಜಿಸಿದ್ದು 1932ರ ಏಪ್ರಿಲ್ 23ರಂದು. ನೀತಿಯನ್ನು ಸಾರಿದ್ದು 1934ರ ಲೇಖಕರ ಮಹಾಧಿವೇಶನದಲ್ಲಿ. ಹಾಗಾಗಿ ಇಂಥ ಚಿತ್ರ ಕಂಡಾಗ ಮೊದಲು ಇಸವಿ ನೋಡಿ.

ಮೂವತ್ತರ ದಶಕದ ಕಲಾವಿದ ಸಹಕಾರ ಸಂಘದ ಜೊತೆ ಒಪ್ಪಂದ ಮಾಡಿಕೊಂಡು, ಮುಂಗಡ ಪಡೆದು, ಕಾರ್ಖಾನೆಗೋ ಅಣೆಕಟ್ಟಿಗೋ ಹೋಗುತ್ತಿದ್ದ. ಸ್ಥಳದಲ್ಲೇ ಸಣ್ಣ ಅಭ್ಯಾಸಚಿತ್ರಗಳು, ಊರಿಗೆ ಬಂದು ಇಡೀ ಸಂಯೋಜನೆಯ ಕರಡು. ಕರಡಿಗೆ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ ದೊಡ್ಡ ಕ್ಯಾನ್ವಾಸು. ಕೆಡುತ್ತಿದ್ದುದು ಈ ನಡುವಿನ ಹಂತದಲ್ಲಿ. ಕಾರ್ಖಾನೆಯಲ್ಲಿ ಬರೆದ ಬೆವರು, ಬಾಗಿದ ಬೆನ್ನು ಕರಡಿಗೆ ಬರುವಷ್ಟರಲ್ಲಿ ನೆಟ್ಟಗಾಗುತ್ತಿದ್ದವು. ಸಮಿತಿ ಏನನ್ನುತ್ತದೆಂದು ಗೊತ್ತಿದ್ದವನು ಅದು ಹೇಳುವ ಮೊದಲೇ ತಿದ್ದುತ್ತಿದ್ದ. ಸೆರಾಫಿಮಾ ರ‍್ಯಾಂಗಿನಾ 1934ರಲ್ಲಿ ಬರೆದ ‘ಇನ್ನೂ ಮೇಲಕ್ಕೆ’ಯಲ್ಲಿ ವಿದ್ಯುತ್ ಕಂಬವೇರುವ ಹುಡುಗಿಯ ಮುಖದಲ್ಲಿ ನಗುವಿದೆ, ಬೆಟ್ಟಗಳು ಕೆಳಗುಳಿದಿವೆ. ಆ ಎತ್ತರದಲ್ಲಿ ಯಾರ ಮುಖದಲ್ಲಾದರೂ ಇರಬೇಕಾದ ಎಚ್ಚರ ಮಾತ್ರ ಕಾಣದು.

ಒಪ್ಪಿಗೆ ಸಿಕ್ಕಿತೆಂದು ನೆಮ್ಮದಿಯೂ ಇರಲಿಲ್ಲ. ಸೋವಿಯತ್ ಸರ್ಕಾರದಲ್ಲಿ ಭಾರೀ ಕೈಗಾರಿಕೆಯ ಹೊಣೆ ಹೊತ್ತಿದ್ದ ಒರ್ಜೊನಿಕಿದ್ಜೆ ‘ಸಮಾಜವಾದದ ಕೈಗಾರಿಕೆ’ ಎಂಬ ಭಾರೀ ಪ್ರದರ್ಶನಕ್ಕೆ ಚಿತ್ರಗಳನ್ನು ಬರೆಯಿಸಿದರು. 1937ರ ಫೆಬ್ರವರಿಯಲ್ಲಿ ಅವರೇ ತೀರಿಕೊಂಡರು, ಪ್ರದರ್ಶನ ತೆರೆದದ್ದು 1939ರಲ್ಲಿ. ಈ ನಡುವೆ ಬಂಧನಗಳ ಸುಗ್ಗಿ; ನಿನ್ನೆ ಕ್ಯಾನ್ವಾಸಿನಲ್ಲಿ ಕೂರಿಸಿದ ಅಧಿಕಾರಿ ಇಂದು ‘ಜನಶತ್ರು’.

ಒಬ್ಬನನ್ನೇ ಎತ್ತಿ ನಿಲ್ಲಿಸುವ ಚಾಳಿ ಪತ್ರಿಕೆಗಳಿಗೂ ಇತ್ತು. 1935ರ ಆಗಸ್ಟ್ 30–31ರ ರಾತ್ರಿ ಗಣಿ ಕಾರ್ಮಿಕ ಸ್ತಖಾನೊವ್ ಒಂದೇ ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ಕಡಿದರೆಂದು ದೇಶವೆಲ್ಲ ಕೊಂಡಾಡಿತು. ನಿಗದಿ ಇದ್ದದ್ದು 7 ಟನ್. ಅವರ ಹಿಂದೆಯೇ ಗಣಿಯ ಚಾವಣಿ ಕುಸಿಯದಂತೆ ಮರದ ಆಸರೆ ಕೊಡುತ್ತ ಬಂದ ಶಿಗೋಲೆವ್, ಬೊರಿಸೆಂಕೊ ಯಾರಿಗೆ ನೆನಪಿದ್ದಾರೆ? ಮೊದಲು ಕಡಿಯುವವನೇ ಆಸರೆಯನ್ನೂ ಕೊಡಬೇಕಿತ್ತು. ಆ ಕೆಲಸ ಇಬ್ಬರ ಪಾಲಿಗೆ ಹೋದದ್ದರಿಂದಲೇ ಡ್ರಿಲ್ ನಿಲ್ಲದೆ ಓಡಿತು.

ಇನ್ನು ‘ಎಲ್ಲವೂ ಇಂಥದೇ’ ಎಂಬ ನಿಮ್ಮ ಮಾತು. ಅದನ್ನು ಒಪ್ಪಲಾರೆವು. ಕ್ರಾಂತಿಗೂ ಮೊದಲೇ, 1878ರಲ್ಲಿ, ನಿಕೊಲಾಯ್ ಯಾರೊಶೆಂಕೊ ‘ಕುಲುಮೆಯಾಳು’ ಬರೆದಿದ್ದರು. ಒಲೆಯ ಕೆಂಬೆಳಕಿನಲ್ಲಿ ಅವನ ಕೈಗಳ ನರಗಳು ಉಬ್ಬಿ ನಿಂತಿವೆ. ಚಿತ್ರವೇ ಆ ಕೈಗಳು. ಸ್ಟಾಲಿನ್ ಕಾಲದಲ್ಲಿ ಮರೆಯಾದ ಈ ದಣಿವು ವಿಕ್ಟರ್ ಪೊಪ್ಕೊವ್ ಅವರ ‘ಬ್ರಾತ್ಸ್ಕ್ ಕಟ್ಟಿದವರು’ (1960–61) ಚಿತ್ರದಲ್ಲಿ ಮರಳಿತು. ಸೈಬೀರಿಯಾದ ಬ್ರಾತ್ಸ್ಕ್‌ನಲ್ಲಿ ಅಣೆಕಟ್ಟು ಕಟ್ಟಿದವರು ಇವರು. ಕಪ್ಪು ಹಿನ್ನೆಲೆ, ಸಾಲಾಗಿ ಕೆಲಸಗಾರರು. ಅಣೆಕಟ್ಟೂ ಇಲ್ಲ, ನಗುವೂ ಇಲ್ಲ. ‘ಕಠೋರ ಶೈಲಿ’ ಎನ್ನುತ್ತಾರೆ ಇದನ್ನು. ಇದೇ ಬಳಗದ ಪಾವೆಲ್ ನಿಕೊನೊವ್ ಬಳಲಿದ ಭೂವಿಜ್ಞಾನಿಗಳನ್ನು ಬರೆದಾಗ, 1962ರ ಡಿಸೆಂಬರಿನ ಮಾಸ್ಕೋ ಪ್ರದರ್ಶನದಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಬೈಗುಳಕ್ಕೆ ಗುರಿಯಾದ ಚಿತ್ರಗಳಲ್ಲಿ ಅದೂ ಒಂದಾಯಿತು.

ಪೊಪ್ಕೊವ್ ಚಿತ್ರವನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ದೇಯ್ನೆಕಾ ಚಿತ್ರವಿರುವ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ, ಮತ್ತೆ ಬರೆಯಿರಿ.
– ಸಂ.