ಗುರುತ್ವ ಎರಡನೇ ನಿಯಮವನ್ನು ಮುರಿಯುತ್ತದೆಯೇ?

ಪ್ರಶ್ನೆ: ಊದುಬತ್ತಿಯ ಹೊಗೆ ಕೋಣೆ ತುಂಬ ಹರಡುತ್ತದೆ, ಮತ್ತೆ ಒಂದೆಡೆ ಸೇರುವುದಿಲ್ಲ. ಎಂಟ್ರೊಪಿ ಹೆಚ್ಚುವುದೆಂದರೆ ಇದೇ ಎಂದು ಪಾಠದಲ್ಲಿದೆ. ಆದರೆ ಬಾಹ್ಯಾಕಾಶದ ಅನಿಲ ತಾನಾಗಿಯೇ ಕೂಡಿಕೊಂಡು ನಕ್ಷತ್ರವಾಗುತ್ತದಲ್ಲ, ಅದು ಹೇಗೆ?
– ಪಿಯುಸಿ ವಿದ್ಯಾರ್ಥಿನಿ, ಮುನಿರಾಬಾದ್, ಕೊಪ್ಪಳ ಜಿಲ್ಲೆ

ಉತ್ತರ: ಒಟ್ಟು ಎಂಟ್ರೊಪಿ ಎಂದೂ ತಾನಾಗಿ ಇಳಿಯದು ಎನ್ನುವುದೇ ಉಷ್ಣಗತಿ ವಿಜ್ಞಾನದ ಎರಡನೇ ನಿಯಮ. ಗುರುತ್ವದಿಂದ ಅದು ಮುರಿಯುವುದಿಲ್ಲ. ನಿಮ್ಮೂರಿನ ತುಂಗಭದ್ರಾ ಡ್ಯಾಮಿನಿಂದಲೇ ಶುರು ಮಾಡೋಣ. ಕ್ರಸ್ಟ್ ಗೇಟ್ ಎತ್ತಿದಾಗ ನೀರು 30 ಮೀಟರ್ ಕೆಳಗೆ ಧುಮುಕುತ್ತದೆ ಎಂದಿಟ್ಟುಕೊಳ್ಳಿ. 1 ಕಿಲೊ ನೀರು ಹೀಗೆ ಬಿದ್ದಾಗ ಬಿಡುಗಡೆಯಾಗುವ ಶಕ್ತಿ (ರಾಶಿ × ಗುರುತ್ವ ವೇಗೋತ್ಕರ್ಷ × ಎತ್ತರ) 1 × 9.8 × 30, ಅಂದರೆ 294 ಜೂಲ್. ಬರೀ ಬೀಳುವುದರಿಂದ ಎಂಟ್ರೊಪಿ ಏರದು. ಕೆಳಗೆ ಅಪ್ಪಳಿಸಿ, ನೊರೆಯೆದ್ದು, ಸುಳಿ ಸುತ್ತಿ ಶಾಂತವಾಗುವಷ್ಟರಲ್ಲಿ ಆ ಶಕ್ತಿಯೆಲ್ಲ ಶಾಖವಾಗಿರುತ್ತದೆ. ಶಾಖವನ್ನು ಉಷ್ಣಾಂಶದಿಂದ ಭಾಗಿಸಿದರೆ ಎಂಟ್ರೊಪಿಯ ಏರಿಕೆ ಸಿಗುತ್ತದೆ. 294 ಜೂಲನ್ನು ನೀರಿನ ಉಷ್ಣಾಂಶವಾದ ಸುಮಾರು 300 ಕೆಲ್ವಿನ್‌ನಿಂದ ಭಾಗಿಸಿ: ಎಂಟ್ರೊಪಿ ಕೆಲ್ವಿನ್‌ಗೆ ಸುಮಾರು 1 ಜೂಲ್‌ನಷ್ಟು ಏರಿತು. ನೀರು ಬಿಸಿಯಾಗುವುದು 0.07 ಡಿಗ್ರಿ ಮಾತ್ರ. ಥರ್ಮಾಮೀಟರ್ ಹಿಡಿದು ಹೋದರೆ ಅದು ಸಿಗುವುದು ಕಷ್ಟ, ತುಂತುರು ಆವಿಯಾಗಿ ನೀರನ್ನು ತಂಪು ಮಾಡಿಬಿಡುತ್ತದೆ. 1 ಡಿಗ್ರಿ ಏರಬೇಕಾದರೆ 427 ಮೀಟರ್ ಬೀಳಬೇಕು.

ನಕ್ಷತ್ರದ ಲೆಕ್ಕವೂ ಇದೇ ಜಾತಿಯದು. ನಕ್ಷತ್ರ ಹುಟ್ಟುವ ಮೋಡಗಳು ಮೊದಲು ಸುಮಾರು 10 ಕೆಲ್ವಿನ್‌ನಷ್ಟು, ಅಂದರೆ ಮೈನಸ್ 263 ಡಿಗ್ರಿ ತಣ್ಣಗಿರುತ್ತವೆ. ಮೋಡ ಕುಗ್ಗಿ ಉಂಡೆಗಟ್ಟಿದ ಮೇಲೆ, ಬಿಡುಗಡೆಯಾಗುವ ಗುರುತ್ವ ಶಕ್ತಿಯಲ್ಲಿ ಸುಮಾರು ಅರ್ಧ ಅನಿಲವನ್ನೇ ಕಾಯಿಸುತ್ತದೆ. ಉಳಿದರ್ಧ ಬೆಳಕು, ಅವಗೆಂಪು ಕಿರಣಗಳಾಗಿ ಹೊರಹೋಗುತ್ತದೆ. ಹೋಗಲೇಬೇಕು, ಇಲ್ಲದಿದ್ದರೆ ಒಳಗಿನ ಒತ್ತಡ ಏರಿ ಕುಗ್ಗುವುದೇ ನಿಂತುಬಿಡುತ್ತದೆ. ಅನಿಲದ ಎಂಟ್ರೊಪಿ ಇಳಿಯುವುದು ನಿಜ. ಆದರೆ ಕಿರಣಗಳು ಹೊತ್ತೊಯ್ಯುವ ಎಂಟ್ರೊಪಿ ಅದಕ್ಕಿಂತ ಹೆಚ್ಚು. ನಿಮ್ಮ ಪ್ರಶ್ನೆಯಲ್ಲಿ ಬಿಟ್ಟುಹೋದದ್ದು ಈ ಕಿರಣಗಳೇ.

ಇನ್ನೊಂದು ಸೋಜಿಗವಿದೆ. ಲೋಟದಲ್ಲಿಟ್ಟ ಚಹಾ ಶಾಖ ಕಳೆದುಕೊಂಡರೆ ಆರುತ್ತದೆ. ತನ್ನದೇ ಗುರುತ್ವದಿಂದ ಕಟ್ಟಿಕೊಂಡ ಅನಿಲದ ಉಂಡೆ ಶಾಖ ಕಳೆದುಕೊಂಡಷ್ಟೂ ಕುಗ್ಗಿ ಇನ್ನೂ ಕಾಯುತ್ತದೆ! ಹಾಗಾಗಿಯೇ ಸೂರ್ಯನ ನಡುವಿನ ಉಷ್ಣಾಂಶ ಸುಮಾರು 1.5 ಕೋಟಿ ಕೆಲ್ವಿನ್ ಮುಟ್ಟಿ, ಹೈಡ್ರೊಜನ್ ಸಮ್ಮಿಲನ (ಪರಮಾಣು ಬೀಜಗಳು ಬೆಸೆದುಕೊಂಡು ಶಕ್ತಿ ಹೊಮ್ಮುವ ಕ್ರಿಯೆ) ನಡೆಯಲು ಸಾಧ್ಯವಾಗಿದೆ. ಊದುಬತ್ತಿಯ ಹೊಗೆಯ ಕಣಗಳ ನಡುವಿನ ಗುರುತ್ವ ಲೆಕ್ಕಕ್ಕೇ ಬಾರದಷ್ಟು ಕಡಿಮೆ, ಅಲ್ಲಿ ಹರಡುವುದೇ ಗೆಲ್ಲುತ್ತದೆ.

‘ಎಂಟ್ರೊಪಿ ಎಂದರೆ ಅವ್ಯವಸ್ಥೆ’ ಎಂಬ ಪಾಠದ ಸಾಲು ದಾರಿ ತಪ್ಪಿಸುತ್ತದೆ. ಕಣಗಳೂ ಶಕ್ತಿಯೂ ಎಷ್ಟು ಬಗೆಯಲ್ಲಿ ಹಂಚಿಕೊಳ್ಳಬಹುದು ಎಂಬುದರ ಅಳತೆ ಅದು. ಬೆಳಕೂ ಹೊರಬರಲಾಗದಷ್ಟು ಗುರುತ್ವವಿರುವ ಕೃಷ್ಣವಿವರವನ್ನೇ (ಬ್ಲ್ಯಾಕ್ ಹೋಲ್) ನೋಡಿ: ಅದಕ್ಕಿಂತ ಒತ್ತಾಗಿ ಕೂಡಿದ್ದು ಬೇರೊಂದಿಲ್ಲ. ಅದರ ಎಂಟ್ರೊಪಿ ಹೊರಮೈ ವಿಸ್ತೀರ್ಣಕ್ಕೆ ತಕ್ಕಂತೆ ಇರುತ್ತದೆ ಎಂದು 1970ರ ದಶಕದಲ್ಲಿ ಭೌತವಿಜ್ಞಾನಿಗಳಾದ ಬೆಕನ್‌ಸ್ಟೈನ್ ಮತ್ತು ಹಾಕಿಂಗ್ ತೋರಿಸಿದರು. ಸೂರ್ಯನಷ್ಟೇ ರಾಶಿಯ ಕೃಷ್ಣವಿವರದ ಎಂಟ್ರೊಪಿ ಸೂರ್ಯನದಕ್ಕಿಂತ ಕೋಟಿ ಕೋಟಿ ಪಟ್ಟಿಗೂ ಹೆಚ್ಚು.